ಇಲಿ ಓಡಿಸುವ ಮಿಷನ್ನು

ಉಡಿಗಾಲ,
ಮಂಗಳವಾರ, 18-3-2025

ಮಗಳು ವನಿತಾಳಿಗೆ ನಿನ್ನ ಅವ್ವ ಬರೆಯುವ ಕಾಗದ.

ನೀನೂ ಅಳಿಯ ಸುನೀಲ್ ಕುಮಾರೂ ಪುಟ್ಟಿಯೂ ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ. ಪುಟ್ಟಿಗೆ ಕೆಮ್ಮು ನಿಂತಿತೇ? ಭಾನುವಾರ ನೀನು ಒಬ್ಬಳೇ ಬಂದಾಗ ಕೇಳಬೇಕೆಂದಿದ್ದೆ, ಕೇಳುವ ಹೊತ್ತು ಅದಾಗಿರಲಿಲ್ಲ. ದೊಡ್ಡಪತ್ರೆ ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ರಸ ಹಿಂಡಿ, ಜೇನು ಸೇರಿಸಿ ಕೊಡು. ಗುಂಡ್ಲುಪೇಟೆಯಲ್ಲಿ ಕೆಂಡ ಎಲ್ಲಿದೆ ಅನ್ನಬೇಡ, ಗ್ಯಾಸ್ ಒಲೆಯ ಮೇಲೆ ಹಂಚಿಟ್ಟರೂ ಆಗುತ್ತದೆ. ನೀನು ಆ ಸೀಸ ಕರಗಿಸುವ ಕಡ್ಡಿ ಹಿಡಿದು ಕೂತಾಗ ಹೊಗೆಯೆಲ್ಲ ನೇರ ಮೂಗಿಗೆ ಹೋಗುತ್ತದೆ, ಕಿಟಕಿ ತೆರೆದಿಟ್ಟುಕೋ ಎಂದು ಹತ್ತು ಸಲ ಹೇಳಿದ್ದೇನೆ. ಐ.ಟಿ.ಐ.ನಲ್ಲಿ ಹುಡುಗಿಯರಿಗೆ ಎಲೆಕ್ಟ್ರಾನಿಕ್ಸ್ ಪಾಠ ಹೇಳುವವಳಿಗೆ ಇದನ್ನು ನಾನು ಹೇಳಿಕೊಡಬೇಕೇ? ಇಲ್ಲಿ ನಿನ್ನ ಅಣ್ಣ ಮಹಾಲಿಂಗ ಬದನಗುಪ್ಪೆಯ ಫ್ಯಾಕ್ಟರಿಗೆ ಬೆಳಗಿನ ಪಾಳಿಗೆ ಹೋಗಿ ಬರುತ್ತಿದ್ದಾನೆ. ನಿನ್ನ ಅತ್ತಿಗೆ ನೀಲಾವತಿ ಅರ್ಧ ಉಣ್ಣುತ್ತಾಳೆ, ಅರ್ಧ ಬಿಡುತ್ತಾಳೆ. ನನ್ನ ಸಕ್ಕರೆ ಕಾಯಿಲೆ ಇದ್ದಷ್ಟೇ ಇದೆ, ಮಾತ್ರೆ ನುಂಗುತ್ತಿದ್ದೇನೆ. ಕುಶಲ ಸಮಾಚಾರ ಇಷ್ಟು.

ಫೋನ್ ಇರುವಾಗ ಕಾಗದವೇಕೆ ಎಂದು ನೀನು ಕೇಳಿಕೊಳ್ಳುತ್ತಿರಬೇಕು. ಫೋನಿನಲ್ಲಿ ನಾನು ಎರಡು ಮಾತಾಡುವುದರೊಳಗೆ ನೀನು "ಆಯ್ತು ಬುಡವ್ವ, ಆಯ್ತು ಬುಡು" ಅನ್ನುತ್ತೀಯ. ಕಾಗದಕ್ಕೆ ಹಾಗೆ ಅಡ್ಡ ಬಾಯಿ ಹಾಕಲು ಬರುವುದಿಲ್ಲ. ಚಾಮರಾಜನಗರದ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವಳು ನಾನು. ಕನ್ನಡದ ಮೇಷ್ಟ್ರು ನನ್ನ ಪ್ರಬಂಧವನ್ನು ತರಗತಿಗೆಲ್ಲ ಓದಿ ಹೇಳುತ್ತಿದ್ದರು. ನನಗೆ ಬರೆಯಲು ಬರುತ್ತದೆ. ಆದ್ದರಿಂದ ಒಂದು ಕಡೆ ಕೂತು ಪೂರ್ತಿ ಓದು. ಓದಿದ ಮೇಲೆ ಮಡಿಸಿಡು, ಅಳಿಯಂದಿರಿಗೆ ತೋರಿಸಬೇಡ.

ನಿನಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ, ಯಾಕೆಂದರೆ ನೀನು ಅದನ್ನು ಮರೆತಂತೆ ನಡೆದುಕೊಂಡಿದ್ದೀಯ. ಈ ಮನೆಗೆ ನಾನು ಸೊಸೆಯಾಗಿ ಬಂದಾಗ ಹುಳುಮನೆಯ ಬೀಗದ ಕೈ ನಿನ್ನ ಅಜ್ಜಿ ಚಿಕ್ಕಮಲ್ಲಮ್ಮನ ಸೊಂಟದಲ್ಲಿತ್ತು. ಆರು ವರ್ಷ ನಾನು ಹಿಪ್ಪುನೇರಳೆ ಸೊಪ್ಪು ಹೊತ್ತಿದ್ದೇನೆಯೇ ಹೊರತು ರೇಷ್ಮೆ ಹುಳುವಿನ ಮೇಲೆ ಒಂದು ಎಲೆ ಇಡಲು ಅವರು ಬಿಡಲಿಲ್ಲ. ಏಳನೆಯ ವರ್ಷ ಒಂದು ಬೆಳಿಗ್ಗೆ ನನ್ನನ್ನು ಕರೆದು, ಕಾಲು ತೊಳೆಸಿ, ಒಳಗೆ ನಿಲ್ಲಿಸಿ, ನನ್ನ ಕೈಯ ಹಿಂಭಾಗವನ್ನು ಮಣ್ಣುಗೋಡೆಗೆ ಒತ್ತಿ ಹಿಡಿದು "ಏನ್ ಏಳ್ತದೆ?" ಎಂದು ಕೇಳಿದರು. ಏನೂ ಹೇಳುವುದಿಲ್ಲ ಅಂದೆ. "ಏಳೋಗಂಟ ದಿನಾ ಬಾ" ಅಂದರು. ಮೂರು ಬೆಳೆ ದಿನಾ ಹೋದೆ. ನಾಲ್ಕನೆಯ ಬೆಳೆಗೆ ಗೋಡೆ ಹೇಳಿತು. ಅಂದಿನಿಂದ ಮೂವತ್ತೊಂದು ವರ್ಷ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನನ್ನ ಕೈ ಆ ಗೋಡೆ ಮುಟ್ಟಿದೆ. ಕಿಟಕಿ ತೆಗೆ ಅಂದರೆ ತೆಗೆದಿದ್ದಾರೆ, ಗೋಣಿ ನೆನೆಸಿ ಕಟ್ಟು ಅಂದರೆ ಕಟ್ಟಿದ್ದಾರೆ, ಇದ್ದಿಲು ಒಲೆ ಇಡು ಅಂದರೆ ಇಟ್ಟಿದ್ದಾರೆ. ರೇಷ್ಮೆ ಇಲಾಖೆಯ ಸಾಹೇಬರು ಒಮ್ಮೆ ಶಾಖ ಅಳೆಯುವ ಗಾಜಿನ ಕಡ್ಡಿ ತಂದು ನೇತುಹಾಕಿದಾಗ ನಾನು ಅದನ್ನು ನೋಡದೆ ಇಪ್ಪತ್ತಾರು ಅಂದೆ, ಅವರು ಬಗ್ಗಿ ನೋಡಿ ಇಪ್ಪತ್ತಾರೇ ಅಂದರು. ನೀನು ಆಗ ನನ್ನ ಸೆರಗು ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಆ ಕಡ್ಡಿ ಬಿದ್ದು ಒಡೆದು ಹೋದ ಮೇಲೆ ಇನ್ನೊಂದನ್ನು ನಾನು ಒಳಗೆ ಬಿಡಲಿಲ್ಲ.

ನೀನು ಚಿಕ್ಕಂದಿನಿಂದಲೂ ತಂತಿ, ಶೆಲ್ಲು, ಬಲ್ಬು ಎಂದು ಕೂರುವವಳು. ನಾನು ಬೈದಿದ್ದೇನೆ, ತಡೆದಿಲ್ಲ. ಏಳನೇ ಕ್ಲಾಸಿನ ಪರೀಕ್ಷೆಯಲ್ಲಿ ಮಾತ್ರ ತಡೆದೆ, ನೆನಪಿರಬೇಕು. ಓದುವುದು ಬಿಟ್ಟು ನಿಮ್ಮಪ್ಪನ ರೇಡಿಯೊ ಬಿಚ್ಚಿ ಜೋಡಿಸುತ್ತಿದ್ದೆ. ನಾನು ಸಿಟ್ಟಿನಲ್ಲಿ ಅದನ್ನು ಹಾಡುತ್ತಿದ್ದ ಹಾಗೇ ಎತ್ತಿ ಚಕ್ಕುಲಿ ತುಂಬುವ ದೊಡ್ಡ ಸ್ಟೀಲ್ ಡಬ್ಬದೊಳಗೆ ಹಾಕಿ ಮುಚ್ಚಳ ಅಮುಕಿದೆ. ಹಾಡು ನಿಂತೇ ಹೋಯಿತು, ಒಳಗೆ ಬರೀ ಉಸ್ ಅನ್ನುತ್ತಿತ್ತು. ನೀನು ಅಳುತ್ತಿದ್ದವಳು ಅಳು ನಿಲ್ಲಿಸಿ, ಮುಚ್ಚಳ ತೆಗೆದು ಮುಚ್ಚಿ, ತೆಗೆದು ಮುಚ್ಚಿ, "ಅವ್ವ, ತಗಡಿನ್ ಡಬ್ಬುದೊಳ್ಕೆ ಅಲೆ ಓಗಲ್ಲ ಕಣವ್ವ! ನೋಡಿಲ್ಲಿ!" ಎಂದು ಕುಣಿದೆ. ಶಿಕ್ಷೆ ಕೊಟ್ಟರೂ ಪಾಠ ಕಲಿಯುತ್ತಾಳಲ್ಲ ಎಂದು ನನಗೆ ಒಳಗೊಳಗೆ ನಗು ಬಂತು. ನಿನ್ನ ಮೇಲೆ ನನಗೆ ಇದ್ದ ಹೆಮ್ಮೆ ಎಂಥದ್ದು ಎಂದು ನಿನಗೆ ತಿಳಿಯಲಿ ಎಂದೇ ಇದನ್ನು ಬರೆದೆ.

ಹೋದ ಗೌರಿ ಹಬ್ಬಕ್ಕೆ ನೀನು ಬಂದಾಗ ಒಲೆಯ ಮೇಲಿದ್ದ ಹಾಲಿನ ಪಾತ್ರೆಯನ್ನು ನಾನು ಬರಿಗೈಯಲ್ಲಿ ಇಳಿಸಿದೆ. ಅಂಗೈ ಕೆಂಪಾಗಿ ಬೊಬ್ಬೆ ಎದ್ದ ಮೇಲೆ ನನಗೆ ಗೊತ್ತಾಯಿತು. ನೀನು ನೋಡುತ್ತಿದ್ದೆ. ನೀನು ನೋಡಿದ್ದನ್ನು ನಾನೂ ನೋಡಿದೆ. ಆಗಲೇ "ಅವ್ವ, ನಿನ್ ಕೈಗೆ ಬಿಸಿ ಗೊತ್ತಾಯ್ತಾ ಇಲ್ವಾ?" ಎಂದು ಒಂದು ಮಾತು ಕೇಳಿದ್ದರೆ ನಾನು ಬೈಯುತ್ತಿದ್ದೆ, ಎರಡು ದಿನ ಮಾತು ಬಿಡುತ್ತಿದ್ದೆ, ಮೂರನೆಯ ದಿನ ಹೌದು ಅನ್ನುತ್ತಿದ್ದೆನೋ ಏನೋ. ನೀನು ಕೇಳಲಿಲ್ಲ. ಎಣ್ಣೆ ಹಚ್ಚಿದೆ, ಊರಿಗೆ ಹೋದೆ. ದೀಪಾವಳಿಗೆ ಬಂದಾಗ ನಿನ್ನ ಕೈಯಲ್ಲಿ ಸೋಪಿನ ಡಬ್ಬಿಯಷ್ಟು ಒಂದು ಬಿಳಿ ಪೆಟ್ಟಿಗೆ ಇತ್ತು. ಅದರಿಂದ ಗೇಣಿಗಿಂತ ಸ್ವಲ್ಪ ಕಡಿಮೆ ಉದ್ದದ ಒಂದು ತಂತಿ ಹೊರಗೆ ಬಂದಿತ್ತು. "ಇದು ಇಲಿ ಓಡ್ಸೋ ಮಿಷನ್ನು ಕಣವ್ವ, ನಮ್ ಕಿವೀಗ್ ಕೇಳಲ್ಲ, ಇಲಿ ಕಿವೀಗ್ ಕೇಳ್ತದೆ" ಅಂದೆ. ಹುಳುಮನೆಯ ತೊಲೆಗೆ ಕಟ್ಟಲು ಸ್ಟೂಲನ್ನು ನಾನೇ ಹಿಡಿದುಕೊಂಡೆ. ನೀನು ಬೀಳದಿರಲಿ ಎಂದು ನಿನ್ನ ಕಾಲನ್ನೂ ಹಿಡಿದುಕೊಂಡಿದ್ದೆ.

ಆಮೇಲೆ ಎರಡು ಬೆಳೆ ಬಂದವು. ಒಂದು ಕಾರ್ತಿಕದ ಚಳಿಯಲ್ಲಿ, ಇನ್ನೊಂದು ಸಂಕ್ರಾಂತಿಯ ಆಸುಪಾಸಿನಲ್ಲಿ. ಎರಡರಲ್ಲೂ ರೋಗದ ಹುಳು ಎಂದು ಹೊರಗೆ ಎಸೆದದ್ದು ಒಂದು ಮೊರವೂ ಇಲ್ಲ. ಗೂಡು ಗಟ್ಟಿ, ಬಿಳಿ, ಒಂದೇ ಅಳತೆ. ಮಹಿಳಾ ಸಂಘದ ಸಭೆಯಲ್ಲಿ ನನ್ನನ್ನು ಮುಂದೆ ಕೂರಿಸಿ ಹಾರ ಹಾಕಿ ಎರಡು ಮಾತಾಡಿ ಅಂದರು. ನಾನು ಎದ್ದು ನಿಂತು, ಹುಳು ಸಾಕಲು ಕಣ್ಣಲ್ಲ, ಕೈ ಬೇಕು ಎಂದು ಹೇಳಿ, ಈ ಕೈಯನ್ನು ಎತ್ತಿ ತೋರಿಸಿದೆ. ಹಿಂದಿನ ಸಾಲಿನಲ್ಲಿ ನೀಲಾವತಿ ಕೂತಿದ್ದಳು, ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ಅದನ್ನು ಈಗ ನೆನೆಸಿಕೊಂಡರೆ ನನ್ನ ಮುಖ ಉರಿಯುತ್ತದೆ. ಆ ಸಭೆಯಲ್ಲಿ ಇನ್ನೊಂದು ಮಾತನ್ನೂ ಹೇಳಿದ್ದೆ: ನನ್ನ ಮಗಳು ಇಲಿ ಓಡಿಸುವ ಮಿಷನ್ ಮಾಡಿಕೊಟ್ಟಿದ್ದಾಳೆ, ಬೇಕಾದವರು ಹೇಳಿ, ಮಾಡಿಸಿಕೊಡುತ್ತೇನೆ ಎಂದು.

ಅದನ್ನು ಕೇಳಿಯೇ ಹಿಂದಿನ ಬೀದಿಯ ಸೋಮಮ್ಮ ಈ ತಿಂಗಳು ಏಳನೇ ತಾರೀಕು ಶುಕ್ರವಾರ ಮಧ್ಯಾಹ್ನ ನಮ್ಮ ಮನೆಗೆ ಬಂದಳು. ಹುಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಬಿಟ್ಟು ಎದ್ದು, ಸೊಪ್ಪಿನ ಮೇಲೆ ಬಿದ್ದಿದ್ದವು. ತಿನ್ನುವ ಸದ್ದು ಅಂಗಳಕ್ಕೆ ಕೇಳುತ್ತಿತ್ತು. "ಅಕ್ಕ, ಆ ಮಿಷನ್ ಒಸಿ ತೋರ್ಸು, ನಮ್ ಮನೇಲಿ ಇಲಿಗಳು ಗೂಡ್ನೂ ಬುಡಾದಿಲ್ಲ" ಅಂದಳು. ಅವಳು ಹೊರಗಿನಿಂದ ಬಂದವಳು, ಒಳಗೆ ಬಿಡುವಂತಿಲ್ಲ. ನಾನೇ ಕೋಲಿನಿಂದ ಹಗ್ಗ ಬಿಡಿಸಿ ಪೆಟ್ಟಿಗೆಯನ್ನು ಇಳಿಸಿ ಅಂಗಳಕ್ಕೆ ತಂದೆ. ನೋಡುತ್ತೇನೆ, ಇಲಿ ಓಡಿಸುವ ಮಿಷನ್ನಿನ ನೆತ್ತಿಯ ಮೇಲೆ ಇಲಿಯ ಹಿಕ್ಕೆ! ಸೋಮಮ್ಮ ನೋಡಬಾರದೆಂದು ಅವಸರದಲ್ಲಿ ಸೆರಗಿನಿಂದ ಒರೆಸಿದೆ, ಎರಡು ಕೈಯಲ್ಲಿ ಮುಚ್ಚಿ ಹಿಡಿದು ಬಾಯಿಂದ ಊದಿದೆ, ಬಿಸಿಲಿಗೆ ಹಿಡಿದು ಮತ್ತೆ ಒರೆಸಿದೆ. ಅಷ್ಟರಲ್ಲಿ ಅಡಿಗೆಮನೆಯೊಳಗಿಂದ ಕೀ ಕೀ ಕೀ ಎಂದು ಮೂರು ಸಲ ಕೂಗು. ಹಿಂದೆಯೇ ನೀಲಾವತಿ, ಹಿಟ್ಟು ಹತ್ತಿದ ಕೈಯಲ್ಲೇ ನೆನೆಸಿದ ಗೋಣಿ ಹಿಡಿದು, ಹುಳುಮನೆಯ ಕಡೆ ಓಡಿ ಬಂದಳು. ಬಂದವಳು ಅಂಗಳದಲ್ಲಿ ನನ್ನ ಕೈಯಲ್ಲಿ ಪೆಟ್ಟಿಗೆ ನೋಡಿ ನಿಂತುಬಿಟ್ಟಳು. ಗೋಣಿಯ ನೀರು ಅವಳ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು. ಸೋಮಮ್ಮನ ಬಾಯಿ ನಿನಗೆ ಗೊತ್ತಲ್ಲ. "ಅಯ್ಯೋ ಗುರುಸಿದ್ದಮ್ಮಕ್ಕ, ಇದು ಇಲಿ ಓಡ್ಸಾಕಿಲ್ಲ, ಸೊಸೇನ ಓಡುಸ್ತದೆ ಕಣಕ್ಕ! ನಂಗೂ ಒಂದ್ ಮಾಡ್ಸಿ ಕೊಡು, ನಮ್ಮನೇವ್ಳೂ ಎದ್ದೇಳಾಕಿಲ್ಲ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕಂತೆ ಮಾಡಿ ಅವಳನ್ನು ಕಳಿಸಿದೆ.

ನೀಲಾವತಿಯನ್ನು ನಾನು ಹೆದರಿಸಲಿಲ್ಲ. ಹೇಳು ಅಂದೆ, ಹೇಳಿದಳು. ನೀನು ಅವಳಿಗೆ ಚೆನ್ನಾಗಿಯೇ ಪಾಠ ಮಾಡಿದ್ದೀಯ. ಬೇಳೆ ಡಬ್ಬಗಳ ಹಿಂದಿನಿಂದ ಇನ್ನೊಂದು ಪೆಟ್ಟಿಗೆ ತೆಗೆದು ಬಿಚ್ಚಿ ತೋರಿಸಿದಳು. ಅದನ್ನು ನಾನು ಎಷ್ಟೋ ಸಲ ಕಂಡಿದ್ದೆ, ಫೋನಿನ ಚಾರ್ಜರು ಎಂದು ಅವಳು ಹೇಳಿದ್ದನ್ನು ನಂಬಿದ್ದೆ. ತೊಲೆಯ ಪೆಟ್ಟಿಗೆಯಲ್ಲಿ ಹೆಬ್ಬೆರಳ ಉಗುರಿನಷ್ಟು ಒಂದು ಹಸಿರು ಚೂರು, ಅದು ಟ್ರಾನ್ಸ್‌ಮೀಟರ್. ಅಡಿಗೆಮನೆಯದರಲ್ಲಿ ಬೆಂಕಿಕಡ್ಡಿಯಷ್ಟು ಉದ್ದದ ಇನ್ನೊಂದು ಚೂರು, ಅದು ರಿಸೀವರ್. ಒಂದು ಬರೀ ಹೇಳುತ್ತದಂತೆ, ಇನ್ನೊಂದು ಬರೀ ಕೇಳುತ್ತದಂತೆ. ಕೇಳುವುದು ತಿರುಗಿ ಒಂದು ಮಾತೂ ಆಡುವುದಿಲ್ಲವಂತೆ. ಶಾಖ ಇಳಿದರೆ ಒಂದು ಕೂಗು, ಏರಿದರೆ ಮೂರು. ಒಂದು ಹೇಳುವುದನ್ನು ಎರಡು ಮೂರು ಪೆಟ್ಟಿಗೆಗಳು ಬೇಕಾದರೂ ಕೇಳಬಹುದಂತೆ. ತಂತಿ ನೆಟ್ಟಗೆ ನಿಂತಿರಬೇಕು, ಫ್ರಿಜ್ಜಿನ ಪಕ್ಕ ಇಡಬಾರದು ಎಂದೆಲ್ಲ ಒಪ್ಪಿಸಿದಳು. ಹುಳುಮನೆಗೂ ಅಡಿಗೆಮನೆಗೂ ಅರವತ್ತು ಹೆಜ್ಜೆ, ಒಂದು ತಂತಿ ಎಳೆದಿದ್ದರೆ ಮುಗಿಯುತ್ತಿತ್ತಲ್ಲ ಅಂದೆ. ತಲೆ ತಗ್ಗಿಸಿ ಪೆಟ್ಟಿಗೆಯ ಮುಚ್ಚಳ ಹಾಕಿದಳು. ತಂತಿಯಾದರೆ ನನ್ನ ಕಣ್ಣಿಗೆ ಬೀಳುತ್ತಿತ್ತು, ಅದಕ್ಕೇ ತಂತಿಯಿಲ್ಲದ್ದು. ನಿನ್ನ ಬುದ್ಧಿಯನ್ನು ನೀನು ನನ್ನ ಕಣ್ಣು ತಪ್ಪಿಸಲು ಖರ್ಚು ಮಾಡಿದೆ.

ಇನ್ನೊಂದು ವಿಷಯವನ್ನೂ ಅವಳೇ ಹೇಳಿದಳು. ಊರಿನಲ್ಲಿ ಗೇಟಿನ ರಿಮೋಟು, ಬೈಕಿನ ರಿಮೋಟು, ಮಕ್ಕಳ ಆಟದ ಕಾರು ಎಲ್ಲವೂ ಗಾಳಿಯಲ್ಲಿ ಅದೇ ದಾರಿಯಲ್ಲಿ ಮಾತಾಡುತ್ತವಂತೆ. ನಮ್ಮ ಪೆಟ್ಟಿಗೆ ಬೇರೆಯವರ ಮಾತಿಗೆ ಕೂಗಬಾರದೆಂದು ನೀನು ಪ್ರತಿ ಸಲ ಮುಂದೆ ಒಂದು ಗುರುತಿನ ಪದ ಕಳಿಸುವಂತೆ ಮಾಡಿದ್ದೀಯಂತೆ. ಆ ಪದ ಕೇಳಿದರೆ ಮಾತ್ರ ಈ ಕಡೆಯದು ಕಿವಿ ಕೊಡುತ್ತದಂತೆ. ಯಾವ ಪದ ಎಂದು ಕೇಳಿದೆ. "ಅವ್ವ ಅಂತ ಮಡಗವ್ಳೆ ಅತ್ತೆಮ್ಮ" ಅಂದಳು. ಅದನ್ನು ಹೇಳಿದರೆ ನನಗೆ ಸಮಾಧಾನವಾಗುತ್ತದೆ ಎಂದು ಪಾಪ ಅವಳು ಭಾವಿಸಿದ್ದಳು. ನಾಲ್ಕು ತಿಂಗಳು ಹಗಲೆಲ್ಲ ಆ ಪೆಟ್ಟಿಗೆ ಅವ್ವ ಅವ್ವ ಎಂದು ನನ್ನ ತಲೆಯ ಮೇಲಿಂದಲೇ ಕೂಗಿ ದಾಟಿ ಹೋಗಿದೆ. ನನಗೊಬ್ಬಳಿಗೆ ಬಿಟ್ಟು ಎಲ್ಲರಿಗೂ ಕೇಳಿದೆ.

ನಾನು ಬೆಳಿಗ್ಗೆ ಗೋಡೆ ಮುಟ್ಟಿ ಸರಿಯಾಗಿದೆ, ಹಾಗೇ ಇರಲಿ ಅಂದಾಗ ನೀಲಾವತಿ ಸರಿ ಅನ್ನುತ್ತಿದ್ದಳು. ನಾನು ಉಂಡು ಅಡ್ಡಾದ ಮೇಲೆ ಹೋಗಿ ಕಿಟಕಿ ತೆಗೆಯುತ್ತಿದ್ದಳಂತೆ, ನಾನು ಏಳುವ ಹೊತ್ತಿಗೆ ಮುಚ್ಚುತ್ತಿದ್ದಳಂತೆ. ಮಹಾಲಿಂಗನಿಗೂ ಗೊತ್ತು. ಅವನು ಹೇಳುವುದು ಕೇಳು: "ಬೆಳೆ ಚೆನ್ನಾಗ್ ಬಂತಲ್ಲವ್ವ, ಇನ್ನೇನು?" ನಿನ್ನ ಅಣ್ಣನಿಂದ ಇದಕ್ಕಿಂತ ಹೆಚ್ಚಿನದನ್ನು ನಾನು ಯಾವತ್ತೂ ನಿರೀಕ್ಷಿಸಿಲ್ಲ. ಆದರೆ ನೀಲಾವತಿ ತನ್ನ ತಪ್ಪಿಲ್ಲ ಎಂದು ತೋರಿಸಲು ಫೋನಿನಲ್ಲಿ ನೀನು ಕಳಿಸಿದ್ದ ಮಾತನ್ನು ಹಾಕಿ ಕೇಳಿಸಿದಳು. ನಿನ್ನದೇ ಧ್ವನಿ. "ಅವ್ವುಂಗೆ ಏಳ್ಬೇಡಿ ಅತ್ಗೆ, ತಡ್ಕಳಲ್ಲ. ಅವ್ವ ಏನೇಳಿದ್ರೂ ಊ ಅಂದ್ಬುಡಿ. ಆಮೇಲೆ ಪೆಟ್ಗೆ ಏಳ್ದಂಗೆ ಮಾಡಿ."

ಊ ಅಂದ್ಬುಡಿ. ನಿನ್ನ ಅಜ್ಜಿ ಕೊನೆಯ ವರ್ಷ ಬುದ್ಧಿ ಸ್ಥಿಮಿತ ತಪ್ಪಿ, ತೀರಿಹೋದ ತಮ್ಮನಿಗೆ ಊಟಕ್ಕಿಡು ಎಂದಾಗ ನಾವೆಲ್ಲ ಊ ಅನ್ನುತ್ತಿದ್ದೆವು. ಆ ಊ ಎಂಥದ್ದೆಂದು ಅಂದವಳಿಗೆ ಗೊತ್ತು. ನನಗೆ ಈಗ ಅರವತ್ತೆರಡು. ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ, ಸಂಘದ ನಡಾವಳಿಯನ್ನು ನಾನೇ ಬರೆಯುತ್ತೇನೆ. ಹೊರಗಿನವರು ಮೋಸ ಮಾಡಿದ್ದರೆ ಜಗಳವಾಡಿ ಮುಗಿಸುತ್ತಿದ್ದೆ. ಹೆತ್ತ ಮಗಳು, ನನ್ನ ಸೆರಗು ಹಿಡಿದು ಹುಳುಮನೆಯ ಬಾಗಿಲಲ್ಲಿ ನಿಂತಿದ್ದವಳು, ನನ್ನನ್ನು ಊ ಅನ್ನಿಸಿಕೊಳ್ಳುವವಳನ್ನಾಗಿ ಮಾಡಿದ್ದನ್ನು ಯಾರ ಜೊತೆ ಜಗಳವಾಡಲಿ? ನೀಲಾವತಿಯೂ ನೀನೂ ಮೊದಲ ಎರಡು ವರ್ಷ ಒಂದು ಮಾತಿಗೊಂದು ಮಾತು ಬೆಳೆಸುತ್ತಿದ್ದಿರಿ, ನಾನೇ ನಡುವೆ ಕೂತು ಬಿಡಿಸುತ್ತಿದ್ದೆ. ಈಗ ಅತ್ತಿಗೆ ನಾದಿನಿ ಒಂದಾಗಿದ್ದೀರಿ. ಒಳ್ಳೆಯದೇ. ಒಂದಾದದ್ದು ನನ್ನ ಬೆನ್ನ ಹಿಂದೆ.

ಆ ದಿನ ಸಂಜೆ ನಾನು ಕೂಗಾಡಲಿಲ್ಲ. ತೊಲೆಯ ಪೆಟ್ಟಿಗೆಯನ್ನು ತೊಲೆಗೇ ಕಟ್ಟಿಸಿದೆ. ಕೂಗುವ ಪೆಟ್ಟಿಗೆ ಇನ್ನು ನನ್ನ ಕೋಣೆಯಲ್ಲಿರಲಿ, ಕೂಗಿದರೆ ನಾನೇ ಹೇಳುತ್ತೇನೆ ಅಂದೆ. ನೀಲಾವತಿಗೆ ಭಾರ ಇಳಿದಂತಾಯಿತು. ಎರಡೂ ಕೈಯಲ್ಲಿ ತಂದುಕೊಟ್ಟಳು. ಶನಿವಾರದಿಂದ ಮಂಗಳವಾರದವರೆಗೆ ಬಿಸಿಲು ಹೇಗಿತ್ತೆಂದರೆ ತಗಡಿನ ಚಾವಣಿ ಟಪ್ ಟಪ್ ಅನ್ನುತ್ತಿತ್ತು. ನಾನು ದಿನಕ್ಕೆ ಮೂರಲ್ಲ, ಐದು ಸಲ ಹೋಗಿ ಗೋಡೆ ಮುಟ್ಟಿದೆ. ಸರಿಯಾಗಿದೆ ಅಂದೆ. ನೀಲಾವತಿ ಪ್ರತಿ ಮಧ್ಯಾಹ್ನ ಬಾಗಿಲಲ್ಲಿ ನಿಂತು "ಕೂಗ್ತಾ ಅತ್ತೆಮ್ಮ?" ಎಂದು ಕೇಳುತ್ತಿದ್ದಳು. ಇಲ್ಲ ಅಂದೆ. ಅದು ಕೂಗಿರಲಿಲ್ಲ. ಒಂದು ಸಲ ಅವಳು "ಬೋ ಸೆಕೆ ಅನ್ನುಸ್ತದೆ, ಗೋಣಿ ಕಟ್ಲಾ?" ಅಂದಳು. ಪೆಟ್ಟಿಗೆ ಕೂಗಿಲ್ಲವಲ್ಲ, ನಿನಗೆ ಪೆಟ್ಟಿಗೆಯ ಮೇಲೂ ನಂಬಿಕೆ ಇಲ್ಲವೇ ಅಂದೆ. ಗೋಣಿಯನ್ನು ಮಡಿಸಿಟ್ಟು ಹೋದಳು.

ಬುಧವಾರ ಬೆಳಿಗ್ಗೆ ಅಂಗಳಕ್ಕೆ ಬಂದಾಗ ಸದ್ದು ಇರಲಿಲ್ಲ. ತಿನ್ನುವ ಹುಳುವಿನ ಸದ್ದು ಇಲ್ಲದಿದ್ದರೆ ಒಳಗೆ ಹೋಗುವ ಮೊದಲೇ ಗೊತ್ತಾಗುತ್ತದೆ. ಸೊಪ್ಪು ಹಾಕಿದಂತೆಯೇ ಇತ್ತು. ಹುಳುಗಳು ಎಲೆಯ ಮೇಲೆ ಮೆತ್ತಗೆ ಚಾಚಿಕೊಂಡಿದ್ದವು. ಎತ್ತಿದರೆ ನೇತಾಡುತ್ತಿದ್ದವು. ಸಪ್ಪೆ ರೋಗ. ಹಣ್ಣಾಗಿ ಗೂಡು ಕಟ್ಟಲು ಹೆಚ್ಚೆಂದರೆ ಎರಡು ದಿನ ಉಳಿದಿತ್ತು. ಹುಳು ಹರಡಿದ್ದ ಎಂಟು ಅಂಕಣದಲ್ಲಿ ಐದನ್ನು ಬಳಿದು ಹಿತ್ತಲಿನ ಗುಂಡಿಗೆ ಹಾಕಿ ಸುಣ್ಣ ಸುರಿದೆವು. ಮೂವತ್ತೊಂದು ವರ್ಷದಲ್ಲಿ ಈ ಮನೆಯಲ್ಲಿ ಗುಂಡಿ ತೋಡಿದ್ದು ಅದೇ ಮೊದಲು. ಕಿಟಕಿಗಳೆಲ್ಲ ಮುಚ್ಚಿದ್ದದ್ದನ್ನು ಮಹಾಲಿಂಗ ಆಮೇಲೆ ನೋಡಿದ. "ವನಿತಾ ಮಾಡಿದ್ ಡಬ್ಬ ಕೆಟ್ಟೋಗದೆ, ಅದುನ್ನ ನಂ‍ಬ್ಕಂಡ್ ಕೂತ್ಕಂಡ್ರಿ" ಎಂದು ನೀಲಾವತಿಯ ಮೇಲೆ ಹರಿಹಾಯ್ದ. ಅವಳು ನಿನಗೆ ಫೋನ್ ಮಾಡಿ ಅತ್ತಳು.

ಭಾನುವಾರ ನೀನು ಬಂದೆ. ಎರಡೂ ಪೆಟ್ಟಿಗೆ ಬಿಚ್ಚಿ ಹಜಾರದಲ್ಲಿ ಹರಡಿಕೊಂಡೆ. ಹೊಸ ಶೆಲ್ಲು ಹಾಕಿದೆ, ಹಳೆಯದೂ ಹಾಕಿ ನೋಡಿದೆ. ಅಂಗಳದಲ್ಲಿ, ಹಿತ್ತಲಲ್ಲಿ, ಬೀದಿಯ ತುದಿಯಲ್ಲಿ ನಿಂತು ನೋಡಿದೆ. ಪ್ರತಿ ಸಲವೂ ಕೂಗಿತು. ಕೂಗಿದಷ್ಟೂ ನಿನ್ನ ಮುಖ ಇಳಿಯಿತು. "ಎಲ್ಲಾ ಸರಿಯಾಗೇ ಅದೆ. ಅಂಗಾರೆ ನಾಲ್ಕ್ ದಿನ ಯಾಕ್ ಕೂಗ್ನಿಲ್ಲ? ನನ್ ಬೆಸುಗೇಲೇ ಎಲ್ಲೋ ತಪ್ಪಾಗದೆ" ಅಂದೆ. ಊಟಕ್ಕೆ ಎಬ್ಬಿಸಿದರೆ ಏಳಲಿಲ್ಲ. ಸೋಮಮ್ಮನಿಗೂ ಸಂಘದ ಇನ್ನೂ ಹತ್ತು ಮನೆಗೂ ಇಂಥದ್ದೇ ಮಾಡಿಕೊಡುತ್ತೇನೆ ಎಂದಿದ್ದವಳು, ಹೊರಡುವಾಗ ಅವರಿಗೆಲ್ಲ ಆಗುವುದಿಲ್ಲ ಎಂದು ಹೇಳಿಬಿಡಿ ಎಂದು ನೀಲಾವತಿಗೆ ಹೇಳಿದೆ. ನನ್ನ ಕಡೆ ತಿರುಗಿ "ಅವ್ವ, ನಾನು ಉಳುಗಳ್ನ ಸಾಯಿಸ್ಬುಟ್ಟೆ" ಅಂದೆ. ನಾನು ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಇನ್ನೊಂದು ಕಟ್ಟು ಹತ್ತಿರಕ್ಕೆ ಎಳೆದುಕೊಂಡೆ. ನೀನು ಪೆಟ್ಟಿಗೆಗಳನ್ನು ಚೀಲಕ್ಕೆ ತುರುಕಿಕೊಂಡು ಮೂರೂವರೆ ಬಸ್ಸಿಗೆ ಹೊರಟೆ. ತಿರುಗಿ ನೋಡಲಿಲ್ಲ. ನಾನೂ ಬಾಗಿಲವರೆಗೆ ಬರಲಿಲ್ಲ.

ನಿನಗೆ ಹೇಳಬೇಕಾದದ್ದು ಇಷ್ಟು. ನನ್ನ ಕೈ ಜಡ್ಡುಗಟ್ಟಿದೆ ಎಂದು ನಿನಗೆ ಅನ್ನಿಸಿದ್ದರೆ ನನ್ನ ಎದುರಿಗೆ ಹೇಳಬೇಕಿತ್ತು. ನನ್ನ ಅತ್ತೆ ನನ್ನನ್ನು ಆರು ವರ್ಷ ಹೊರಗಿಟ್ಟರು, ಆದರೆ ಹೊರಗಿಟ್ಟಿದ್ದೇನೆ ಎಂದು ಹೇಳಿ ಇಟ್ಟರು. ನೀವು ನನ್ನನ್ನು ಒಳಗೇ ನಿಲ್ಲಿಸಿ, ಕೈಯಲ್ಲಿ ಬೀಗದ ಕೈ ಕೊಟ್ಟು, ಹೊರಗಿಟ್ಟಿರಿ. ಬೀಗದ ಕೈ ಇನ್ನೂ ನನ್ನ ಸೊಂಟದಲ್ಲೇ ಇದೆ. ಮುಂದಿನ ಬೆಳೆಯ ಚಾಕಿ ಹುಳು, ಎಳೆಯ ಮರಿಗಳು, ಏಪ್ರಿಲ್ ಮೊದಲ ವಾರ ಬರುತ್ತವೆ. ಅವುಗಳಿಗೆ ಮೊದಲ ಎಲೆ ಯಾರು ಇಡುತ್ತಾರೆ ಎಂಬುದನ್ನು ನಾನು ತೀರ್ಮಾನಿಸುತ್ತೇನೆ, ಯಾರೂ ನನ್ನ ಪರವಾಗಿ ತೀರ್ಮಾನಿಸುವುದು ಬೇಡ.

ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ಪುಟ್ಟಿಗೆ ಮುತ್ತು. ಯುಗಾದಿಗೆ ಬರುವುದಾದರೆ ಒಬ್ಬಟ್ಟಿಗೆ ಬೇಳೆ ಇಲ್ಲಿಯದೇ ಇದೆ, ತರಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಸಿಟ್ಟಿನಲ್ಲಿ ಹೇಳಿದರೂ ನನ್ನ ಆಶೀರ್ವಾದಕ್ಕೆ ಕೊರತೆಯಿಲ್ಲ.

ಇತಿ,
ನಿನ್ನ ಅವ್ವ,
ಗುರುಸಿದ್ದಮ್ಮ

ವಿ.ಸೂ.: ಲಕೋಟೆ ಅಂಟಿಸಿದ್ದೆ, ಬಿಡಿಸಿ ಬರೆಯುತ್ತಿದ್ದೇನೆ. ಪೋಸ್ಟಿನವನು ಬರುವ ಹೊತ್ತಾಯಿತು. ನಿನ್ನ ಪೆಟ್ಟಿಗೆಯಲ್ಲಿ ತಪ್ಪಿಲ್ಲ, ಹುಡುಕಬೇಡ. ಶನಿವಾರ ಬೆಳಿಗ್ಗೆ ರಿಸೀವರನ್ನು ಅದೇ ಚಕ್ಕುಲಿ ಡಬ್ಬದೊಳಗಿಟ್ಟು ಮುಚ್ಚಳ ಅಮುಕಿ ಮಂಚದ ಕೆಳಗೆ ತಳ್ಳಿದವಳು ನಾನು. ಬುಧವಾರ ಗುಂಡಿ ಮುಚ್ಚಿ ಬಂದ ಮೇಲೆ ತೆಗೆದೆ. ನಿನ್ನ ರೇಡಿಯೊ ನೆನಪಿತ್ತು, ಏನಾಗುತ್ತದೆ ಎಂದು ಗೊತ್ತಿದ್ದೇ ಮಾಡಿದೆ. ನಾಲ್ಕು ದಿನ ನನ್ನ ಕೈಯೊಂದರಿಂದಲೇ ನಡೆಸಿ, ಐದನೆಯ ದಿನ ನಿಮ್ಮೆಲ್ಲರ ಮುಂದೆ ಡಬ್ಬ ತೆಗೆದು ತೋರಿಸಬೇಕೆಂದಿದ್ದೆ. ಗೋಡೆ ಮುಟ್ಟಿದಾಗಲೆಲ್ಲ ನನಗೆ ತಂಪಾಗಿಯೇ ಇತ್ತು, ವನಿತಾ. ಐದು ಸಲವೂ ತಂಪಾಗಿಯೇ ಇತ್ತು. ನೀಲಾವತಿಗೆ ಇವತ್ತು ಅವಳು ಊಟಕ್ಕೆ ಕೂರುವ ಮೊದಲು ಹೇಳುತ್ತೇನೆ. ಇಲ್ಲಿ ಬರೆದು ಕಳಿಸಿದರೆ ಹಿಂದೆ ಸರಿಯಲಾಗುವುದಿಲ್ಲ ಎಂದು ನಿನಗೆ ಮೊದಲು ಬರೆದೆ. ಸೋಮಮ್ಮನಿಗೂ ಆ ಹತ್ತು ಮನೆಗೂ ಮಾಡಿಕೊಡು, ಮಾತು ಕೊಟ್ಟಿದ್ದೀಯ. ಯುಗಾದಿಗೆ ಬರುವಾಗ ನಮ್ಮದನ್ನೂ ತಾ. ಕೂಗುವುದು ನೀಲಾವತಿಯ ಅಡಿಗೆಮನೆಯಲ್ಲೇ ಇರಲಿ. ಒಂದು ಹೇಳಿದರೆ ಎರಡು ಕೇಳುತ್ತವೆ ಎಂದಿದ್ದಾಳಲ್ಲ, ಇನ್ನೊಂದು ನನಗೆ ಮಾಡು. ಜೋರಾಗಿ ಕೂಗಲಿ. ಇಲಿಯ ಕತೆ ಹೇಳಬೇಡ.